ಪುಟಸಂಖ್ಯೆ ಯಾರ ಮಾತು ಕೇಳುತ್ತದೆ?

(ಸಂಶೋಧನಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಕೇಳುವುದಕ್ಕೆ ಸ್ವಲ್ಪ ಒಣದು, ಗೊತ್ತಿದೆ. ಸಂಶೋಧನೆ ಹೇಗೆ ಮಾಡಬೇಕು ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಮಾಡಿದ್ದನ್ನು ವರ್ಡ್‌ನಂಥ ಬರವಣಿಗೆಯ ತಂತ್ರಾಂಶದಲ್ಲಿ ಮುನ್ನೂರು ಪುಟದ ಕಡತವಾಗಿ ಕಟ್ಟುವುದು ಹೇಗೆ ಎಂದು ಹೇಳಿಕೊಡುವವರು ಕಡಿಮೆ. ಪ್ರತಿಯೊಬ್ಬರೂ ಪಕ್ಕದವರನ್ನು ಕೇಳಿ ಕಲಿಯುತ್ತಾರೆ, ಆ ಪಕ್ಕದವರೂ ಹಾಗೆಯೇ ಕಲಿತಿರುತ್ತಾರೆ. ಹೀಗಾಗಿ ತಪ್ಪು ರೂಢಿಗಳು ಸರಿಯಾದ ರೂಢಿಗಳಿಗಿಂತ ವೇಗವಾಗಿ ಹರಡಿವೆ.

ಎರಡು ಪುಟದ ಪತ್ರಕ್ಕೆ ಯಾವ ರೂಢಿಯಾದರೂ ನಡೆಯುತ್ತದೆ. ಶೀರ್ಷಿಕೆ ಬೇಕೇ, ಅಕ್ಷರ ದೊಡ್ಡದು ಮಾಡಿ ಬೋಲ್ಡ್ ಒತ್ತಿ. ಹೊಸ ಪುಟ ಬೇಕೇ, ಪುಟ ದಾಟುವವರೆಗೆ ಎಂಟರ್ ಒತ್ತಿ. ನಡುವೆ ತರಬೇಕೇ, ಸ್ಪೇಸ್ ಬಾರ್ ಕುಟ್ಟಿ. ಪತ್ರ ಮುದ್ರಣವಾಗಿ ಹೋದ ಮೇಲೆ ಯಾರಿಗೂ ತಿಳಿಯುವುದಿಲ್ಲ. ಮಹಾಪ್ರಬಂಧದ ಕಥೆ ಬೇರೆ. ಅದನ್ನು ವರ್ಷಗಟ್ಟಲೆ ತಿದ್ದುತ್ತೀರಿ. ಎರಡನೇ ಅಧ್ಯಾಯಕ್ಕೆ ಒಂದು ಪ್ಯಾರಾ ಸೇರಿಸಿದರೆ ಎಂಟರ್ ಒತ್ತಿ ಮಾಡಿದ ಪುಟಗಳೆಲ್ಲ ಜಾರುತ್ತವೆ, ಕೈಯಲ್ಲಿ ಬರೆದ ಪರಿವಿಡಿಯ ಸಂಖ್ಯೆಗಳು ಸುಳ್ಳಾಗುತ್ತವೆ, ‘ಚಿತ್ರ 14 ನೋಡಿ’ ಎಂದಿದ್ದ ಕಡೆ ನೋಡಿದರೆ ಅದು ಚಿತ್ರ 15 ಆಗಿರುತ್ತದೆ.

ಇವತ್ತು ನಾನು ಗುಂಡಿಗಳ ಪಟ್ಟಿ ಒಪ್ಪಿಸುವುದಿಲ್ಲ. ಗುಂಡಿಗಳು ಆವೃತ್ತಿಯಿಂದ ಆವೃತ್ತಿಗೆ ಜಾಗ ಬದಲಾಯಿಸುತ್ತವೆ. ಬದಲಾಗದೆ ಉಳಿಯುವುದು ಒಂದೇ ಪ್ರಶ್ನೆ: ನೀವು ಬದಲಾಯಿಸಬೇಕೆಂದಿರುವ ಗುಣವನ್ನು ಈ ತಂತ್ರಾಂಶ ಎಲ್ಲಿ ಇಟ್ಟುಕೊಂಡಿದೆ? ಅಕ್ಷರದ ಮೇಲೋ, ಪ್ಯಾರಾದ ಮೇಲೋ, ಸೆಕ್ಷನ್ನಿನ (ಒಂದೇ ಪುಟವಿನ್ಯಾಸವಿರುವ ಕಡತದ ಭಾಗ) ಮೇಲೋ, ಸ್ಟೈಲಿನ (ಹೆಸರಿಟ್ಟು ಉಳಿಸಿಕೊಂಡ ರೂಪದ ಕಟ್ಟು) ಒಳಗೋ? ‘ವರ್ಡ್ ನನ್ನ ಮಾತು ಕೇಳುತ್ತಿಲ್ಲ’ ಎನ್ನುವ ದೂರುಗಳಲ್ಲಿ ಮುಕ್ಕಾಲು ಪಾಲು, ಒಬ್ಬರಿಗೆ ಹೇಳಬೇಕಾದ ಮಾತನ್ನು ಇನ್ನೊಬ್ಬರಿಗೆ ಹೇಳಿದ್ದರಿಂದ ಬಂದವು.

ಪುಟ ಎಂಬುದು ಕಡತದಲ್ಲಿ ಇಲ್ಲ

ಮೊದಲಿಗೆ ಒಂದು ವಿಚಿತ್ರ ಸಂಗತಿ. ವರ್ಡ್ ಕಡತದಲ್ಲಿ ಪುಟ ಎಂಬ ವಸ್ತುವೇ ಇರುವುದಿಲ್ಲ. ಅಲ್ಲಿರುವುದು ಪ್ಯಾರಾಗಳ ಉದ್ದನೆಯ ಸಾಲು. ಕಡತ ತೆರೆದಾಗಲೆಲ್ಲ ತಂತ್ರಾಂಶ ಕಾಗದದ ಅಳತೆ, ಅಂಚು, ಫಾಂಟು, ಸಾಲಿನ ಅಂತರ ಇಷ್ಟನ್ನೂ ಲೆಕ್ಕ ಹಾಕಿ, ಎಲ್ಲಿ ಪುಟ ಮುಗಿಯುತ್ತದೆ ಎಂದು ಆಗಿಂದಾಗಲೇ ತೀರ್ಮಾನಿಸುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ 212 ಪುಟವಿದ್ದದ್ದು ಮಾರ್ಗದರ್ಶಕರ ಕಂಪ್ಯೂಟರಿನಲ್ಲಿ 219 ಆಗುವುದು ಇದರಿಂದಲೇ. ನೀವು ಬಳಸಿದ ಫಾಂಟು ಅವರಲ್ಲಿಲ್ಲ, ಅದರ ಬದಲು ಬೇರೊಂದು ಬಂದು ಕೂತಿದೆ, ಅದರ ಅಕ್ಷರಗಳು ಸ್ವಲ್ಪ ಅಗಲ. ಸಾಲುಗಳು ಜಾರಿವೆ, ಅವುಗಳ ಜೊತೆ ಪುಟಗಳೂ ಜಾರಿವೆ.

ನಂಬಿಕೆ ಬರದಿದ್ದರೆ ಕಡತವನ್ನೇ ಬಿಚ್ಚಿ ನೋಡಬಹುದು. 2007ರ ವರ್ಡ್‌ನಿಂದ ಈಚೆಗೆ ಬಂದ ‘ಡಾಕ್‌ಎಕ್ಸ್’ ಕಡತ ನಿಜವಾಗಿ ಒಂದು ಜಿಪ್ ಪೊಟ್ಟಣ. ಒಂದು ನಕಲು ಮಾಡಿಕೊಂಡು, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಾಯಿಸಿ ತೆರೆಯಿರಿ. (ಇದನ್ನು ಪರದೆಯ ಮೇಲೆ ಮಾಡಿ ತೋರಿಸಿದೆ.) ನೋಡಿ, ಪಠ್ಯಕ್ಕೆ ಒಂದು ಕಡತ, ಸ್ಟೈಲುಗಳಿಗೆ ಇನ್ನೊಂದು, ಕ್ರಮಸಂಖ್ಯೆಗಳಿಗೆ ಮತ್ತೊಂದು, ಅಡಿಟಿಪ್ಪಣಿಗಳಿಗೆ ಪ್ರತ್ಯೇಕವಾದದ್ದು, ಚಿತ್ರಗಳಿಗೆ ಒಂದು ಫೋಲ್ಡರು. ಪುಟಗಳಿಗೆ ಮಾತ್ರ ಏನೂ ಇಲ್ಲ. ಹಾಗಾಗಿ ‘ಈ ಒಂದು ಪುಟವನ್ನು ಮಾತ್ರ ಅಡ್ಡ ಮಾಡಿ’ ಎಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಅದಕ್ಕೆ ಅರ್ಥವಾಗುವುದು ಸೆಕ್ಷನ್.

ಅದರ ಕಡೆ ಹೋಗುವ ಮುಂಚೆ ಕಣ್ಣಿಗೆ ಕಾಣದ ಗುರುತುಗಳನ್ನು ಕಾಣಿಸಿಕೊಳ್ಳಿ. ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿ. ವರ್ಡ್‌ನಂಥದೇ ಇನ್ನೊಂದು ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಲ್ಲಿ ಕಂಟ್ರೋಲ್ ಜೊತೆ ಎಫ್10. ಸ್ಪೇಸ್ ಒತ್ತಿದ ಕಡೆ ಚುಕ್ಕಿ, ಟ್ಯಾಬ್ ಒತ್ತಿದ ಕಡೆ ಬಾಣ, ಎಂಟರ್ ಒತ್ತಿದ ಕಡೆ ಪ್ಯಾರಾ ಚಿಹ್ನೆ ಕಾಣುತ್ತವೆ. ಪರದೆ ಗಲೀಜಾಯಿತು ಎಂದು ಹೆಚ್ಚಿನವರು ಮರುಕ್ಷಣವೇ ಮುಚ್ಚುತ್ತಾರೆ. ಮುಚ್ಚಬೇಡಿ. ಆ ಪ್ಯಾರಾ ಚಿಹ್ನೆ ಬರೀ ಗುರುತಲ್ಲ. ಪ್ಯಾರಾದ ಅಂಚು, ಅಂತರ, ಸಾಲಿನ ಜೋಡಣೆ, ಅದರ ಸ್ಟೈಲ್ ಎಲ್ಲವೂ ಅದರಲ್ಲಿ ಕೂತಿವೆ. ಎರಡು ಪ್ಯಾರಾ ಸೇರಿಸಲು ನಡುವಿನ ಚಿಹ್ನೆಯನ್ನು ಅಳಿಸಿದಾಗ ಒಂದರ ರೂಪ ಇದ್ದಕ್ಕಿದ್ದಂತೆ ಬದಲಾಗುವುದು ಯಾಕೆ ಎಂಬುದು ಇದನ್ನು ತಿಳಿದರೆ ಒಗಟಾಗಿ ಉಳಿಯುವುದಿಲ್ಲ.

ಸ್ಟೈಲ್ ಎಂದರೆ ಅಲಂಕಾರವಲ್ಲ

ಅಕ್ಷರ ದಪ್ಪ ಮಾಡಿ ಹದಿನಾರು ಪಾಯಿಂಟ್ ಮಾಡಿದರೆ ಓದುವವರಿಗೆ ಅದು ಶೀರ್ಷಿಕೆ. ತಂತ್ರಾಂಶಕ್ಕೆ ಅದು ದಪ್ಪ ಅಕ್ಷರದ ಇನ್ನೊಂದು ಪ್ಯಾರಾ, ಅಷ್ಟೇ. ಅದೇ ಸಾಲಿಗೆ ‘ಹೆಡಿಂಗ್ 1’ ಎಂಬ ಸ್ಟೈಲ್ ಕೊಟ್ಟರೆ ಇದು ಅಧ್ಯಾಯದ ಹೆಸರು ಎಂದು ಅದಕ್ಕೆ ಗೊತ್ತಾಗುತ್ತದೆ. ಆಮೇಲೆ ಪರಿವಿಡಿ ತಾನಾಗಿ ತಯಾರಾಗುತ್ತದೆ, ಪಕ್ಕದ ನ್ಯಾವಿಗೇಷನ್ ಪಟ್ಟಿಯಲ್ಲಿ ಅಧ್ಯಾಯಗಳು ಸಾಲಾಗಿ ನಿಲ್ಲುತ್ತವೆ, ಅಲ್ಲೇ ಒಂದು ಶೀರ್ಷಿಕೆಯನ್ನು ಹಿಡಿದು ಎಳೆದರೆ ಅದರ ಕೆಳಗಿನ ಪಠ್ಯವೆಲ್ಲ ಜೊತೆಗೆ ಹೋಗುತ್ತದೆ. ಪಿಡಿಎಫ್ ಮಾಡಿದಾಗ ಬುಕ್‌ಮಾರ್ಕುಗಳಾಗುತ್ತವೆ. ದೃಷ್ಟಿ ಇಲ್ಲದವರು ಸ್ಕ್ರೀನ್ ರೀಡರ್ ಹಿಡಿದು ಓದುವಾಗ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುವುದು ಇದರಿಂದಲೇ ಸಾಧ್ಯ. ಕೈಯಲ್ಲಿ ದಪ್ಪ ಮಾಡಿದ ಸಾಲು ಅವರಿಗೆ ಶೀರ್ಷಿಕೆಯೇ ಅಲ್ಲ. ಕಂಟ್ರೋಲ್, ಆಲ್ಟ್, 1 ಒತ್ತಿದರೆ ಹೆಡಿಂಗ್ 1. 2 ಒತ್ತಿದರೆ ಹೆಡಿಂಗ್ 2. ಈ ಒಂದು ಅಭ್ಯಾಸ ಮಾಡಿಕೊಂಡರೆ ಉಳಿದ ಅರ್ಧ ಕಷ್ಟ ತಾನಾಗಿ ಹೋಗುತ್ತದೆ.

ಬರಹದ ರಚನೆಯನ್ನೂ ರೂಪವನ್ನೂ ಬೇರೆ ಮಾಡಬೇಕು ಎಂಬ ಈ ವಿಚಾರ ನಿನ್ನೆ ಮೊನ್ನೆಯದಲ್ಲ. ಬ್ರಯನ್ ರೀಡ್ ಎಂಬುವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ‘ಸ್ಕ್ರೈಬ್’ ಎಂಬ ವ್ಯವಸ್ಥೆ ಕಟ್ಟಿದರು. ಇದು ಅಧ್ಯಾಯ, ಇದು ಉದ್ಧರಣೆ ಎಂದು ಬರೆಯುವವರು ಗುರುತು ಹಾಕಿದರೆ ಸಾಕು. ಅದು ಹೇಗೆ ಕಾಣಬೇಕು ಎಂಬುದನ್ನು ವ್ಯವಸ್ಥೆ ಬೇರೆ ಕಡೆ ಇಟ್ಟುಕೊಂಡಿತ್ತು. 1980ರಲ್ಲಿ ಅದೇ ಅವರ ಪಿಎಚ್‌ಡಿ ಮಹಾಪ್ರಬಂಧದ ವಿಷಯವಾಯಿತು. ಇವತ್ತು ನೀವು ಮಹಾಪ್ರಬಂಧಕ್ಕೆ ಬಳಸುವ ತಂತ್ರದ ಬೇರು ಒಂದು ಮಹಾಪ್ರಬಂಧದಲ್ಲೇ ಇದೆ ಎಂಬುದು ನನಗೆ ತಮಾಷೆಯಾಗಿ ಕಾಣುತ್ತದೆ.

ಹೆಡಿಂಗ್ 1 ನೀಲಿ ಬಣ್ಣದಲ್ಲಿದೆ, ನನಗೆ ಕಪ್ಪು ಬೇಕು ಎಂದು ಅದನ್ನು ಬಿಟ್ಟುಬಿಡುವವರಿದ್ದಾರೆ. ಸ್ಟೈಲಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಮಾಡಿಫೈ’ ಆರಿಸಿ, ಅಲ್ಲಿ ಬಣ್ಣ, ಅಳತೆ, ಅಂತರ ಬದಲಾಯಿಸಿ. ಕಡತದಲ್ಲಿರುವ ಎಲ್ಲ ಅಧ್ಯಾಯಗಳ ಹೆಸರೂ ಒಟ್ಟಿಗೆ ಬದಲಾಗುತ್ತವೆ. ಅದೇ ಕಿಟಕಿಯಲ್ಲಿ ಮೂರು ಜಾಗ ಗಮನಿಸಿ. ‘ಬೇಸ್ಡ್ ಆನ್’ ಎಂದರೆ ಈ ಸ್ಟೈಲಿನ ತಾಯಿ ಯಾವುದು ಎಂದು. ತಾಯಿಯ ಫಾಂಟು ಬದಲಾದರೆ ಮಕ್ಕಳದ್ದೂ ಬದಲಾಗುತ್ತದೆ. ‘ಫಾಲೋಯಿಂಗ್ ಪ್ಯಾರಾಗ್ರಾಫ್’ ಎಂದರೆ ಶೀರ್ಷಿಕೆ ಬರೆದು ಎಂಟರ್ ಒತ್ತಿದ ಮೇಲೆ ಬರಬೇಕಾದ ಸ್ಟೈಲ್. ಮೂರನೆಯದು ‘ಆಟೊಮ್ಯಾಟಿಕಲಿ ಅಪ್‌ಡೇಟ್’ ಎಂಬ ಚೌಕ. ಇದನ್ನು ಖಾಲಿ ಬಿಡಿ. ಅದಕ್ಕೆ ಗುರುತು ಹಾಕಿದರೆ ಎಲ್ಲೋ ಒಂದು ಪ್ಯಾರಾವನ್ನು ಕೈಯಲ್ಲಿ ಬೋಲ್ಡ್ ಮಾಡಿದಾಗ ಆ ಸ್ಟೈಲಿನ ಪ್ಯಾರಾಗಳೆಲ್ಲ ಬೋಲ್ಡ್ ಆಗಿ ಕೂರುತ್ತವೆ.

ತಾಯಿಯ ಮಾತು ಬಂದದ್ದರಿಂದ ಒಂದು ಸಲಹೆ. ‘ನಾರ್ಮಲ್’ ಎಂಬ ಸ್ಟೈಲ್ ಬಹುಪಾಲು ಎಲ್ಲದಕ್ಕೂ ಮೂಲ. ಮುಖ್ಯ ಪಠ್ಯಕ್ಕೆ ಒಂದೂವರೆ ಸಾಲಿನ ಅಂತರ ಬೇಕು ಎಂದು ನಾರ್ಮಲ್ ಅನ್ನೇ ತಿದ್ದಿದರೆ ಕೋಷ್ಟಕ, ಅಡಿಟಿಪ್ಪಣಿ, ಪುಟದ ತಲೆಬರಹ ಎಲ್ಲಕ್ಕೂ ಅದು ಅಂಟಿಕೊಳ್ಳಬಹುದು. ನಾರ್ಮಲ್ ಅನ್ನು ಸರಳವಾಗಿ ಬಿಡಿ. ಪಠ್ಯಕ್ಕೆ ‘ಬಾಡಿ ಟೆಕ್ಸ್ಟ್’ ಎಂಬ ಸ್ಟೈಲ್ ಮೊದಲೇ ಇದೆ, ಅದನ್ನು ತಿದ್ದಿ ಬಳಸಿ.

ಸ್ಟೈಲಿನ ಮೇಲೆ ಕೈಯಿಂದ ಹಾಕಿದ ಬದಲಾವಣೆಗಳು ಕೂತಿದ್ದರೆ ಸ್ಟೈಲ್ ತಿದ್ದಿದರೂ ಆ ಜಾಗ ಕದಲುವುದಿಲ್ಲ. ಅಕ್ಷರದ ಮೇಲಿನವು ಕಂಟ್ರೋಲ್ ಸ್ಪೇಸ್ ಒತ್ತಿದರೆ ಹೋಗುತ್ತವೆ, ಪ್ಯಾರಾದ ಮೇಲಿನವು ಕಂಟ್ರೋಲ್ ಕ್ಯೂ ಒತ್ತಿದರೆ. ಯಾವುದು ಸ್ಟೈಲಿನಿಂದ ಬಂದದ್ದು, ಯಾವುದು ಕೈಯಿಂದ ಹಾಕಿದ್ದು ಎಂದು ತಿಳಿಯಬೇಕಾದರೆ ವಿಂಡೋಸ್‌ನ ವರ್ಡ್‌ನಲ್ಲಿ ಶಿಫ್ಟ್ ಎಫ್1 ಒತ್ತಿ, ಪಕ್ಕದಲ್ಲಿ ಪೂರ್ತಿ ವಿವರ ತೆರೆದುಕೊಳ್ಳುತ್ತದೆ. ಅಂತರ್ಜಾಲದಿಂದಲೋ ಬೇರೆ ಕಡತದಿಂದಲೋ ನಕಲಿಸುವಾಗ ‘ಕೀಪ್ ಟೆಕ್ಸ್ಟ್ ಓನ್ಲಿ’ ಎಂದು ಅಂಟಿಸಿ. ಇಲ್ಲವಾದರೆ ಪಠ್ಯದ ಜೊತೆ ಅಲ್ಲಿನ ಸ್ಟೈಲುಗಳೂ ಬಂದು ನಿಮ್ಮ ಪಟ್ಟಿಯಲ್ಲಿ ಬೀಡುಬಿಡುತ್ತವೆ.

ಒಬ್ಬರು ಇಲ್ಲಿ ಕೇಳಿದರು: ‘ಶೀರ್ಷಿಕೆಗಳಿಗೆ 3.1, 3.2 ಅಂತ ಸಂಖ್ಯೆ ಕೊಟ್ಟರೆ ನಾಲ್ಕನೇ ಅಧ್ಯಾಯದಲ್ಲೂ 3.7, 3.8 ಅಂತಲೇ ಮುಂದುವರಿಯುತ್ತದೆ. ಯಾಕೆ ಸರ್?’

ಮೇಲಿನ ಪಟ್ಟಿಯ ನಂಬರಿಂಗ್ ಗುಂಡಿಯನ್ನು ಶೀರ್ಷಿಕೆಗಳ ಮೇಲೆ ಒಂದೊಂದಾಗಿ ಒತ್ತಿದ್ದೀರಿ, ಅದಕ್ಕೇ. ಆ ಸಂಖ್ಯೆಗಳಿಗೂ ಹೆಡಿಂಗ್ ಸ್ಟೈಲುಗಳಿಗೂ ಸಂಬಂಧವೇ ಏರ್ಪಟ್ಟಿಲ್ಲ. ‘ಮಲ್ಟಿಲೆವೆಲ್ ಲಿಸ್ಟ್’ ಎಂಬ ಕಡೆ ಹೋಗಿ ಹೊಸ ಪಟ್ಟಿ ರಚಿಸಿ, ಮೊದಲ ಹಂತವನ್ನು ಹೆಡಿಂಗ್ 1ಕ್ಕೆ, ಎರಡನೆಯದನ್ನು ಹೆಡಿಂಗ್ 2ಕ್ಕೆ, ಹೀಗೆ ಜೋಡಿಸಿ. ‘ಲಿಂಕ್ ಲೆವೆಲ್ ಟು ಸ್ಟೈಲ್’ ಎಂಬ ಜಾಗ ಅಲ್ಲೇ ಇದೆ. ಇದನ್ನು ಕಡತಕ್ಕೊಮ್ಮೆ ಮಾತ್ರ ಮಾಡಬೇಕು. ಆಮೇಲೆ ಅಧ್ಯಾಯಗಳನ್ನು ಹಿಂದೆ ಮುಂದೆ ಮಾಡಿದರೂ ಸಂಖ್ಯೆಗಳು ತಾವಾಗಿ ಸರಿಹೋಗುತ್ತವೆ. ಅನುಬಂಧಗಳಿಗೆ ‘ಅನುಬಂಧ 1, ಅನುಬಂಧ 2’ ಎಂದು ಬೇರೆ ಕ್ರಮ ಬೇಕಲ್ಲ, ಅದಕ್ಕೆ ಹಳಬರು ಬಳಸುವ ಉಪಾಯವೆಂದರೆ ಅದೇ ಪಟ್ಟಿಯ ಏಳನೇ ಹಂತವನ್ನು ಹೆಡಿಂಗ್ 7ಕ್ಕೆ ಜೋಡಿಸಿ ಅದನ್ನು ಅನುಬಂಧಕ್ಕೆಂದೇ ಮೀಸಲಿಡುವುದು. ಏಳು ಹಂತದ ಶೀರ್ಷಿಕೆ ಯಾವ ಮಹಾಪ್ರಬಂಧಕ್ಕೂ ಬೇಕಾಗುವುದಿಲ್ಲ. ಬೇಕಾಗಿದ್ದರೆ ತೊಂದರೆ ಫಾರ್ಮ್ಯಾಟಿಂಗ್‌ನಲ್ಲಿಲ್ಲ.

ಸೆಕ್ಷನ್: ಎಲ್ಲರನ್ನೂ ಕಾಡುವ ಜಾಗ

ಈಗ ಪುಟಸಂಖ್ಯೆ. ನಿಯಮ ಸಾಮಾನ್ಯವಾಗಿ ಹೀಗಿರುತ್ತದೆ: ಮುಖಪುಟಕ್ಕೆ ಸಂಖ್ಯೆ ಬೇಡ, ಪ್ರಮಾಣಪತ್ರ, ಕೃತಜ್ಞತೆ, ಪರಿವಿಡಿಗೆ ಸಣ್ಣ ರೋಮನ್ ಅಂಕಿ, ಮೊದಲನೇ ಅಧ್ಯಾಯದಿಂದ 1, 2, 3. ಇಷ್ಟಕ್ಕಾಗಿ ಕಡತವನ್ನು ಮೂರು ತುಂಡು ಮಾಡಿ ಮೂರು ಪಿಡಿಎಫ್ ತೆಗೆದು ಅಂಟಿಸುವವರನ್ನು ನೋಡಿದ್ದೇನೆ. ಹಾಗೆ ಮಾಡಿದಾಗ ಪರಿವಿಡಿಯನ್ನು ಕೈಯಲ್ಲೇ ಬರೆಯಬೇಕಾಗುತ್ತದೆ, ಅಲ್ಲಿಗೆ ಮೊದಲಿನ ಕಷ್ಟಕ್ಕೇ ವಾಪಸ್ಸು.

ಪುಟಸಂಖ್ಯೆಯ ಕ್ರಮ, ಕಾಗದದ ಅಳತೆ, ಅಂಚು, ಉದ್ದ ಅಡ್ಡ, ತಲೆಬರಹ, ಅಡಿಬರಹ ಇವೆಲ್ಲ ಸೆಕ್ಷನ್ನಿನ ಆಸ್ತಿ. ಕಡತ ಶುರುವಾದಾಗ ಒಂದೇ ಸೆಕ್ಷನ್. ನಡುವೆ ‘ಸೆಕ್ಷನ್ ಬ್ರೇಕ್, ನೆಕ್ಸ್ಟ್ ಪೇಜ್’ ಹಾಕಿದರೆ ಎರಡಾಗುತ್ತವೆ. ಕಂಟ್ರೋಲ್ ಎಂಟರ್ ಒತ್ತಿದರೆ ಬರುವುದು ಬರೀ ಪೇಜ್ ಬ್ರೇಕ್. ಅದು ಪಠ್ಯವನ್ನು ಮುಂದಿನ ಪುಟಕ್ಕೆ ತಳ್ಳುತ್ತದೆ, ಸೆಕ್ಷನ್ ಮಾಡುವುದಿಲ್ಲ. ಮುಂಚೆ ಕಾಣಿಸಿಕೊಂಡ ಗುರುತುಗಳು ಇಲ್ಲಿ ನೆರವಿಗೆ ಬರುತ್ತವೆ, ಎರಡರ ಗೆರೆಯೂ ಬೇರೆ ಬೇರೆ ಹೆಸರಿನಲ್ಲಿ ಕಾಣುತ್ತದೆ.

ಹೊಸ ಸೆಕ್ಷನ್ ಹುಟ್ಟಿದ ಕೂಡಲೇ ಅದರ ತಲೆಬರಹ, ಅಡಿಬರಹಗಳು ಹಿಂದಿನ ಸೆಕ್ಷನ್ನಿಗೆ ಕಟ್ಟಿಕೊಂಡಿರುತ್ತವೆ. ಅಡಿಬರಹದ ಒಳಗೆ ಎರಡು ಬಾರಿ ಕ್ಲಿಕ್ ಮಾಡಿದರೆ ಮೇಲೆ ‘ಲಿಂಕ್ ಟು ಪ್ರೀವಿಯಸ್’ ಕಾಣುತ್ತದೆ. ಮೊದಲು ಅದನ್ನು ಬಿಡಿಸಿ, ಆಮೇಲೆ ಏನು ಬೇಕಾದರೂ ಅಳಿಸಿ, ಬದಲಾಯಿಸಿ. ಈ ಅನುಕ್ರಮ ತಲೆಕೆಳಗಾದರೆ ಮುಖಪುಟದ ಸಂಖ್ಯೆ ಅಳಿಸಲು ಹೋಗಿ ಇಡೀ ಗ್ರಂಥದ ಸಂಖ್ಯೆ ಅಳಿಸುತ್ತೀರಿ. ತಲೆಬರಹಕ್ಕೆ ಒಂದು ಕೊಂಡಿ, ಅಡಿಬರಹಕ್ಕೆ ಇನ್ನೊಂದು; ಒಂದನ್ನು ಬಿಡಿಸಿದರೆ ಇನ್ನೊಂದು ಬಿಡುವುದಿಲ್ಲ. ಮೊದಲ ಪುಟ ಬೇರೆ, ಸಮ ಬೆಸ ಪುಟ ಬೇರೆ ಎಂಬ ಆಯ್ಕೆಗಳನ್ನು ಹಾಕಿಕೊಂಡಿದ್ದರೆ ಅವಕ್ಕೂ ಬೇರೆ ಬೇರೆ ಕೊಂಡಿಗಳು. ಬಿಡಿಸಿದ ಮೇಲೆ ‘ಫಾರ್ಮ್ಯಾಟ್ ಪೇಜ್ ನಂಬರ್ಸ್’ ತೆರೆದು, ಮುನ್ನುಡಿಯ ಭಾಗಕ್ಕೆ ರೋಮನ್ ಅಂಕಿ, ಮೊದಲ ಅಧ್ಯಾಯದ ಸೆಕ್ಷನ್ನಿಗೆ ‘ಸ್ಟಾರ್ಟ್ ಅಟ್ 1’ ಕೊಡಿ. ಉಳಿದ ಎಲ್ಲ ಸೆಕ್ಷನ್ನುಗಳಿಗೆ ‘ಕಂಟಿನ್ಯೂ ಫ್ರಮ್ ಪ್ರೀವಿಯಸ್’ ಇರಬೇಕು. ಪ್ರತಿ ಅಧ್ಯಾಯವೂ ಪುಟ 1ರಿಂದ ಶುರುವಾಗುವ ವಿಚಿತ್ರಕ್ಕೆ ಇದನ್ನು ಮರೆತದ್ದೇ ಕಾರಣ.

ಅಗಲವಾದ ಕೋಷ್ಟಕಕ್ಕೆ ಅಡ್ಡ ಪುಟ ಬೇಕಾದರೆ ಕೋಷ್ಟಕದ ಮುಂಚೆ ಒಂದು, ನಂತರ ಒಂದು ಸೆಕ್ಷನ್ ಬ್ರೇಕ್ ಹಾಕಿ, ನಡುವಿನದನ್ನು ಲ್ಯಾಂಡ್‌ಸ್ಕೇಪ್ ಮಾಡಿ. ಆಮೇಲೆ ಆ ಕೋಷ್ಟಕ ಬೇಡವಾಯಿತು, ಬ್ರೇಕನ್ನೂ ಅಳಿಸಿದಿರಿ ಎಂದುಕೊಳ್ಳಿ. ಅದರ ಮುಂಚಿನ ನಲವತ್ತು ಪುಟ ಇದ್ದಕ್ಕಿದ್ದಂತೆ ಅಡ್ಡವಾಗಿ ಮಲಗುತ್ತವೆ! ಕಾರಣ, ಸೆಕ್ಷನ್ನಿನ ಗುಣಗಳು ಅದರ ಕೊನೆಯ ಬ್ರೇಕಿನಲ್ಲಿ ಕೂತಿರುತ್ತವೆ, ಆರಂಭದಲ್ಲಲ್ಲ. ಬ್ರೇಕ್ ಅಳಿಸಿದಾಗ ಅದರ ಹಿಂದಿನ ಪಠ್ಯ ಮುಂದಿನ ಸೆಕ್ಷನ್ನಿನ ಗುಣಗಳನ್ನು ಹೊದ್ದುಕೊಳ್ಳುತ್ತದೆ. ಕಡತದ ಕಟ್ಟಕಡೆಯ ಸೆಕ್ಷನ್ನಿನ ಗುಣ ಕಡತದ ಕೊನೆಯಲ್ಲೇ ಅಡಗಿದೆ. ಹೀಗಾದಾಗ ಗಾಬರಿಯಾಗಿ ಏನೇನೋ ಒತ್ತುವ ಮುಂಚೆ ಕಂಟ್ರೋಲ್ ಜೆಡ್ ಒತ್ತಿ. ನಡುವಿನ ಸೆಕ್ಷನ್ನನ್ನು ಮೊದಲು ಮತ್ತೆ ಉದ್ದ ಪುಟ ಮಾಡಿ, ಆಮೇಲೆ ಬ್ರೇಕ್ ಅಳಿಸಿ.

ಲಿಬ್ರೆಆಫೀಸ್ ರೈಟರ್ ಬಳಸುವವರಿಗೆ ಇದು ಬೇರೆ ರೀತಿ. ಅಲ್ಲಿ ಪುಟಕ್ಕೇ ಸ್ಟೈಲ್ ಇದೆ. ಎಫ್11 ಒತ್ತಿ ಪೇಜ್ ಸ್ಟೈಲುಗಳಲ್ಲಿ ಮುನ್ನುಡಿಗೊಂದು, ಅಧ್ಯಾಯಕ್ಕೊಂದು, ಅಡ್ಡ ಪುಟಕ್ಕೊಂದು ಮಾಡಿಟ್ಟುಕೊಂಡು, ಪುಟ ಮುರಿಯುವಾಗ ಮುಂದಿನದು ಯಾವ ಸ್ಟೈಲ್, ಯಾವ ಸಂಖ್ಯೆಯಿಂದ ಶುರು ಎಂದು ಹೇಳುತ್ತೀರಿ. ನನ್ನ ಮಟ್ಟಿಗೆ ಇದು ವರ್ಡ್‌ಗಿಂತ ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಒಂದೇ ಕಡತವನ್ನು ಇವತ್ತು ಇದರಲ್ಲಿ, ನಾಳೆ ಅದರಲ್ಲಿ ತೆರೆದು ಉಳಿಸುತ್ತಾ ಹೋದರೆ ಎರಡರ ಲೆಕ್ಕಾಚಾರವೂ ಕೂಡಿ ಕಲಸುಮೇಲೋಗರವಾಗುತ್ತದೆ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೆ ಹೋಗಿ.

ಚಿತ್ರ, ಕೋಷ್ಟಕ, ಮತ್ತು ತಾನಾಗಿ ಬದಲಾಗುವ ಸಂಖ್ಯೆಗಳು

ಚಿತ್ರದ ಕೆಳಗೆ ‘ಚಿತ್ರ 3.4’ ಎಂದು ಟೈಪ್ ಮಾಡಬೇಡಿ. ರೆಫರೆನ್ಸಸ್ ಪಟ್ಟಿಯಲ್ಲಿ ‘ಇನ್ಸರ್ಟ್ ಕ್ಯಾಪ್ಶನ್’ ಇದೆ. ಅದು ಹಾಕುವ ಸಂಖ್ಯೆ ಟೈಪ್ ಮಾಡಿದ ಅಂಕಿಯಲ್ಲ, ಫೀಲ್ಡ್ ಎಂಬ ಸಣ್ಣ ಲೆಕ್ಕ. ಹೆಸರನ್ನು ಕನ್ನಡದಲ್ಲೇ ‘ಚಿತ್ರ’, ‘ಕೋಷ್ಟಕ’ ಎಂದು ಹೊಸ ಲೇಬಲ್ ಆಗಿ ಸೇರಿಸಿಕೊಳ್ಳಬಹುದು. ಅಧ್ಯಾಯ ಸಂಖ್ಯೆಯೂ ಜೊತೆಗೆ ಬರಬೇಕಾದರೆ ಹೆಡಿಂಗ್ 1ಕ್ಕೆ ಸಂಖ್ಯೆ ಜೋಡಿಸಿರಬೇಕು. ಇಲ್ಲವಾದರೆ ಅದು ತಕರಾರು ಮಾಡುತ್ತದೆ. ಪಠ್ಯದಲ್ಲಿ ಉಲ್ಲೇಖಿಸುವಾಗ ‘ಕ್ರಾಸ್ ರೆಫರೆನ್ಸ್’ ಬಳಸಿ. ಹಾಗೆ ಮಾಡಿದರೆ ಚಿತ್ರಗಳ ಪಟ್ಟಿ, ಕೋಷ್ಟಕಗಳ ಪಟ್ಟಿ ಒಂದೊಂದು ಕ್ಲಿಕ್ಕಿನ ಕೆಲಸ.

ಫೀಲ್ಡುಗಳು ಆಗಿಂದಾಗ ಬದಲಾಗುವುದಿಲ್ಲ, ಹೇಳಿದಾಗ ಬದಲಾಗುತ್ತವೆ. ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆರಿಸಿ ಎಫ್9 ಒತ್ತಿ. ಪರಿವಿಡಿಯ ವಿಷಯದಲ್ಲಿ ಅದು ಒಂದು ಪ್ರಶ್ನೆ ಕೇಳುತ್ತದೆ: ಪುಟಸಂಖ್ಯೆ ಮಾತ್ರವೋ, ಇಡೀ ಪಟ್ಟಿಯೋ? ಶೀರ್ಷಿಕೆಯ ಮಾತು ಬದಲಾಗಿದ್ದರೆ ಇಡೀ ಪಟ್ಟಿ ಎನ್ನಿ. ಪರಿವಿಡಿಯನ್ನು ಕೈಯಲ್ಲಿ ತಿದ್ದಬೇಡಿ, ಮುಂದಿನ ಎಫ್9 ಅದನ್ನು ನುಂಗಿಬಿಡುತ್ತದೆ. ಪರಿವಿಡಿಯ ರೂಪ ಬದಲಾಯಿಸಬೇಕಾದರೆ ಅದಕ್ಕೂ ‘ಟಿಒಸಿ 1’, ‘ಟಿಒಸಿ 2’ ಎಂಬ ಸ್ಟೈಲುಗಳಿವೆ. ಅಂದಹಾಗೆ ಕಂಟ್ರೋಲ್ ಎ ತಲೆಬರಹ, ಅಡಿಟಿಪ್ಪಣಿಗಳೊಳಗಿನ ಫೀಲ್ಡುಗಳನ್ನು ಮುಟ್ಟುವುದಿಲ್ಲ, ಅಲ್ಲಿ ಬೇರೆಯಾಗಿ ಹೋಗಿ ಒತ್ತಬೇಕು.

ಒಂದು ಎಚ್ಚರಿಕೆ. ಉಲ್ಲೇಖಿಸಿದ ಚಿತ್ರವನ್ನೇ ಅಳಿಸಿದ್ದರೆ ಎಫ್9 ಒತ್ತಿದಾಗ ಆ ಜಾಗದಲ್ಲಿ ‘ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್’ ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಮುದ್ರಿಸುವಾಗ ಫೀಲ್ಡುಗಳನ್ನು ತಾನಾಗಿ ನವೀಕರಿಸುವ ಆಯ್ಕೆ ಚಾಲೂ ಇದ್ದರೆ ಇದು ಪರದೆಯಲ್ಲಿ ಕಾಣದೆ ನೇರ ಕಾಗದದ ಮೇಲೇ ಪ್ರತ್ಯಕ್ಷವಾಗುತ್ತದೆ. ಮುದ್ರಣಕ್ಕೆ ಮುಂಚೆ ಎಲ್ಲ ನವೀಕರಿಸಿ, ‘ಎರರ್’ ಎಂಬ ಆ ಮೊದಲ ಪದವನ್ನು ಹುಡುಕಿ ನೋಡಿ.

ಚಿತ್ರಗಳನ್ನು ‘ಇನ್ ಲೈನ್ ವಿತ್ ಟೆಕ್ಸ್ಟ್’ ಎಂದೇ ಇಡಿ. ಪಠ್ಯ ಸುತ್ತ ಹರಿಯುವಂತೆ ತೇಲಿಬಿಟ್ಟ ಚಿತ್ರ ಒಂದು ಸಾಲು ಸೇರಿದರೆ ಎಲ್ಲಿ ಹೋಗಿ ನಿಲ್ಲುತ್ತದೋ ಹೇಳಲಾಗದು. ಚಿತ್ರಕ್ಕೆಂದೇ ಒಂದು ಪ್ಯಾರಾ ಸ್ಟೈಲ್ ಮಾಡಿ, ನಡುವೆ ಜೋಡಿಸಿ, ಅದಕ್ಕೆ ‘ಕೀಪ್ ವಿತ್ ನೆಕ್ಸ್ಟ್’ ಹಾಕಿ. ಆಗ ಚಿತ್ರ ಒಂದು ಪುಟದಲ್ಲಿ, ಅದರ ವಿವರಣೆ ಇನ್ನೊಂದು ಪುಟದಲ್ಲಿ ಆಗುವುದಿಲ್ಲ. ಹೆಡಿಂಗ್ ಸ್ಟೈಲುಗಳಲ್ಲಿ ಈ ಗುಣ ಮೊದಲಿನಿಂದಲೇ ಇದೆ, ಶೀರ್ಷಿಕೆ ಪುಟದ ತಳದಲ್ಲಿ ಒಂಟಿಯಾಗಿ ಉಳಿಯದಿರುವುದು ಇದರಿಂದಲೇ. ಉದ್ದ ಕೋಷ್ಟಕಗಳಿಗೆ ‘ರಿಪೀಟ್ ಹೆಡರ್ ರೋಸ್’ ಹಾಕಿದರೆ ಪ್ರತಿ ಪುಟದಲ್ಲೂ ಮೇಲಿನ ಸಾಲು ಮರಳಿ ಬರುತ್ತದೆ. ನಕ್ಷೆ, ಸೂಕ್ಷ್ಮದರ್ಶಕದ ಚಿತ್ರಗಳಿರುವವರು ಮೊದಲ ದಿನವೇ ವರ್ಡ್‌ನ ಆಯ್ಕೆಗಳಲ್ಲಿ ‘ಡು ನಾಟ್ ಕಂಪ್ರೆಸ್ ಇಮೇಜಸ್’ ಗುರುತು ಹಾಕಿ. ಉಳಿಸುವಾಗ ಅದು ಚಿತ್ರಗಳ ಗುಣಮಟ್ಟ ಇಳಿಸಿಬಿಟ್ಟರೆ ಆಮೇಲೆ ವಾಪಸ್ಸು ಬರುವುದಿಲ್ಲ.

‘ಚಿತ್ರ ಹಾಕಿದೆ, ಆದರೆ ಒಂದು ಗೆರೆಯಷ್ಟು ಮಾತ್ರ ಕಾಣುತ್ತಿದೆ’ ಎಂದು ಮುಂದಿನ ಸಾಲಿನಿಂದ ಪ್ರಶ್ನೆ ಬಂತು. ಇದಕ್ಕೆ ಕಾರಣ ಚಿತ್ರವಲ್ಲ, ಪ್ಯಾರಾ. ಅದರ ಸಾಲಿನ ಅಂತರ ‘ಎಕ್ಸಾಕ್ಟ್‌ಲಿ’ ಎಂದಿದೆ. ಹದಿನೆಂಟು ಪಾಯಿಂಟ್ ಎಂದರೆ ಹದಿನೆಂಟೇ ಪಾಯಿಂಟ್, ಅಂದರೆ ಕಾಲು ಅಂಗುಲ. 72 ಪಾಯಿಂಟಿಗೆ ಒಂದು ಅಂಗುಲ. ಒಳಗಿರುವುದು ಎಷ್ಟೇ ಎತ್ತರವಾಗಿರಲಿ ಅಷ್ಟಕ್ಕೇ ಕತ್ತರಿಸುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇದೇ ಕಾಯಿಲೆ ಇನ್ನೊಂದು ರೂಪದಲ್ಲಿ ಬರುತ್ತದೆ: ಒತ್ತಕ್ಷರಗಳ ಬಾಲ ಕತ್ತರಿಸಿಹೋಗುತ್ತದೆ. ‘ರಾಷ್ಟ್ರ’ ಎಂದು ಬರೆದರೆ ಕೆಳಗಿನ ಒತ್ತುಗಳು ಅರ್ಧ ಮಾಯ. ‘ಮಲ್ಟಿಪಲ್’ ಅಥವಾ ‘ಅಟ್ ಲೀಸ್ಟ್’ ಬಳಸಿ.

ಕನ್ನಡದ ಮಾತು ಬಂದಿತು, ಇನ್ನೆರಡು ಹೇಳಿಬಿಡುತ್ತೇನೆ. ವರ್ಡ್ ಮತ್ತು ರೈಟರ್ ಎರಡೂ ಸ್ಟೈಲಿನೊಳಗೆ ಲ್ಯಾಟಿನ್ ಲಿಪಿಗೆ ಒಂದು ಫಾಂಟು, ಅಳತೆ, ಕನ್ನಡದಂಥ ಸಂಕೀರ್ಣ ಲಿಪಿಗಳಿಗೆ ಇನ್ನೊಂದು ಫಾಂಟು, ಅಳತೆ ಇಟ್ಟುಕೊಳ್ಳುತ್ತವೆ. ಸ್ಟೈಲಿನಲ್ಲಿ 14 ಎಂದು ಕೊಟ್ಟರೂ ಕನ್ನಡ ಅಕ್ಷರ ಹಳೆಯ ಅಳತೆಯಲ್ಲೇ ಉಳಿದಿದ್ದರೆ, ಬದಲಾದದ್ದು ಲ್ಯಾಟಿನ್ ಭಾಗ ಮಾತ್ರ. ಫಾಂಟ್ ಕಿಟಕಿಯಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’, ರೈಟರ್‌ನಲ್ಲಿ ‘ಸಿಟಿಎಲ್’ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಎಂಬ ಜಾಗ ನೋಡಿ. ಇನ್ನೊಂದು, ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಮಹಾಪ್ರಬಂಧ ಟೈಪ್ ಮಾಡಬೇಡಿ. ಅವುಗಳಲ್ಲಿ ಕಡತದೊಳಗೆ ಇರುವುದು ಕನ್ನಡವೇ ಅಲ್ಲ, ಲ್ಯಾಟಿನ್ ಸಂಕೇತಗಳು. ಕನ್ನಡವಾಗಿ ಕಾಣುವುದು ಆ ಫಾಂಟಿನ ಕೃಪೆ. ಪರಿವಿಡಿಯ ಸ್ಟೈಲಿಗೆ ಬೇರೆ ಫಾಂಟು ಇದ್ದರೆ ಅಲ್ಲಿ ಅರ್ಥವಿಲ್ಲದ ಚಿಹ್ನೆಗಳ ಮೆರವಣಿಗೆ. ಪಿಡಿಎಫ್‌ನಲ್ಲಿ ಪದ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿ ಜೋಡಣೆಯೂ ಆಗುವುದಿಲ್ಲ. ಕನ್ನಡದ ಉದ್ದುದ್ದ ಪದಗಳನ್ನು ಎರಡೂ ಕಡೆ ಸಮ ಮಾಡಿದಾಗ ಸಾಲಿನ ನಡುವೆ ಹೊಂಡ ಬೀಳುತ್ತದೆ ಎಂಬುದೂ ನಿಜ. ನಿಯಮ ಒಪ್ಪುವುದಾದರೆ ಎಡಕ್ಕೆ ಮಾತ್ರ ಜೋಡಿಸಿ.

ಆಧಾರ ಗ್ರಂಥಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೇ ಒಂದು ದಿನ ಬೇಕು. ಆಧಾರಗಳನ್ನು ಕೂಡಿಟ್ಟು ಉಲ್ಲೇಖ ಹಾಕಿಕೊಡುವ ತಂತ್ರಾಂಶಗಳಿವೆ; ಜೊಟೆರೊ ಇರಲಿ, ಮೆಂಡಲಿ ಇರಲಿ, ಒಂದನ್ನು ಮೊದಲ ಅಧ್ಯಾಯದಿಂದಲೇ ಬಳಸಿ. ಅದು ಪಠ್ಯದಲ್ಲಿ ಹಾಕುವ ಉಲ್ಲೇಖದ ಮೇಲೆ ಕೈಯಲ್ಲಿ ತಿದ್ದುಪಡಿ ಮಾಡಬೇಡಿ, ಮುಂದಿನ ನವೀಕರಣದಲ್ಲಿ ಅಳಿಸಿಹೋಗುತ್ತದೆ.

‘ಅಧ್ಯಾಯಕ್ಕೊಂದು ಕಡತ ಇಟ್ಟುಕೊಳ್ಳಬೇಕೇ, ಎಲ್ಲ ಒಂದರಲ್ಲೇ ಇರಬೇಕೇ?’ ಎಂದು ಇನ್ನೊಬ್ಬರು ಕೇಳಿದರು. ಬರೆಯುವಾಗ ಬೇರೆ ಬೇರೆ ಇರಲಿ ಎಂದಾದರೆ ಇರಲಿ, ಆದರೆ ಎಲ್ಲವೂ ಒಂದೇ ಟೆಂಪ್ಲೇಟಿನಿಂದ, ಅಂದರೆ ಸ್ಟೈಲುಗಳನ್ನು ಮೊದಲೇ ಜೋಡಿಸಿಟ್ಟ ಮಾದರಿ ಕಡತದಿಂದ, ಹುಟ್ಟಿರಬೇಕು. ಸ್ಟೈಲಿನ ಹೆಸರುಗಳು ಒಂದೇ ಆಗಿದ್ದರೆ ‘ಯೂಸ್ ಡೆಸ್ಟಿನೇಷನ್ ಸ್ಟೈಲ್ಸ್’ ಎಂದು ಅಂಟಿಸಿದಾಗ ಎಲ್ಲವೂ ಸರಾಗ ಕೂಡಿಕೊಳ್ಳುತ್ತವೆ. ಮುನ್ನೂರು ಪುಟದ ಬರೀ ಪಠ್ಯ ಕಂಪ್ಯೂಟರಿಗೆ ಭಾರವೇ ಅಲ್ಲ, ಭಾರವಾಗುವುದು ಚಿತ್ರಗಳು. ಹಲವು ಕಡತಗಳನ್ನು ಒಂದಾಗಿ ಕಟ್ಟುವ ವರ್ಡ್‌ನ ‘ಮಾಸ್ಟರ್ ಡಾಕ್ಯುಮೆಂಟ್’ ಕಡೆ ಮಾತ್ರ ಹೋಗಬೇಡಿ, ಪಳಗಿದವರೇ ಅದರಿಂದ ದೂರ ಇರುತ್ತಾರೆ. ಪ್ರತಿಗಳಿಗೆ ‘ಕೊನೆಯದು’, ‘ನಿಜವಾದ ಕೊನೆಯದು’ ಎಂದು ಹೆಸರಿಡುವ ಬದಲು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ದಿನಾಂಕ ಹಾಕಿ. ಫೋಲ್ಡರಿನಲ್ಲಿ ತಾವಾಗಿ ಸಾಲಾಗಿ ನಿಲ್ಲುತ್ತವೆ.

ಪಿಡಿಎಫ್ ಮಾಡುವಾಗ ‘ಪ್ರಿಂಟ್ ಟು ಪಿಡಿಎಫ್’ ಬೇಡ, ‘ಸೇವ್ ಆ್ಯಸ್’ ಮೂಲಕ ಮಾಡಿ. ಆಯ್ಕೆಗಳಲ್ಲಿ ಶೀರ್ಷಿಕೆಗಳಿಂದ ಬುಕ್‌ಮಾರ್ಕ್ ಮಾಡುವ ಗುರುತು ಹಾಕಿ. ದೀರ್ಘಕಾಲ ಕಾಪಿಡುವ ಭಂಡಾರಗಳು ಪಿಡಿಎಫ್/ಎ ಕೇಳಬಹುದು. 2005ರಲ್ಲಿ ಐಎಸ್‌ಒ ಮಾನದಂಡವಾದ ಈ ರೂಪದಲ್ಲಿ ಬಳಸಿದ ಫಾಂಟುಗಳೆಲ್ಲ ಕಡತದೊಳಗೇ ಇರಬೇಕು. ಅದರ ಆಯ್ಕೆಯೂ ಅದೇ ಕಿಟಕಿಯಲ್ಲಿದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ‘ಸರ್, ಯಾರಿಗೂ ಹೇಳಬೇಡಿ, ನನ್ನದು ನೂರ ಎಂಬತ್ತು ಪುಟ ಆಗಿದೆ, ಎಲ್ಲವೂ ಕೈಯಲ್ಲೇ ಮಾಡಿದ್ದು. ಸಲ್ಲಿಸಲು ಮೂರು ವಾರ ಇದೆ. ಏನು ಮಾಡಲಿ?’

ಮತ್ತೆ ಟೈಪ್ ಮಾಡಬೇಕಾಗಿಲ್ಲ. ಮೂಲವನ್ನು ಎತ್ತಿಟ್ಟು ನಕಲಿನ ಮೇಲೆ ಕೆಲಸ ಮಾಡಿ. ತಿದ್ದುಪಡಿಗಳನ್ನು ಗುರುತು ಹಾಕಿಡುವ ‘ಟ್ರ್ಯಾಕ್ ಚೇಂಜಸ್’ ಮುಚ್ಚಿರಲಿ. ಬೇಕಾದ ಏಳೆಂಟು ಸ್ಟೈಲುಗಳನ್ನು ಮೊದಲು ಸಿದ್ಧ ಮಾಡಿಕೊಳ್ಳಿ. ಕೈಯಲ್ಲಿ ದಪ್ಪ ಮಾಡಿದ ಒಂದು ಅಧ್ಯಾಯದ ಹೆಸರಿನ ಮೇಲೆ ಕರ್ಸರ್ ಇಟ್ಟು, ಹೋಮ್ ಪಟ್ಟಿಯ ‘ಸೆಲೆಕ್ಟ್’ ಒಳಗೆ ಒಂದೇ ಥರದ ರೂಪವಿರುವ ಪಠ್ಯವನ್ನೆಲ್ಲ ಆರಿಸುವ ಸೌಲಭ್ಯ ಒತ್ತಿ. ನೀವು ಒಂದೇ ಕ್ರಮದಲ್ಲಿ ದಪ್ಪ ಮಾಡಿದ್ದರೆ ಎಲ್ಲ ಅಧ್ಯಾಯಗಳ ಹೆಸರೂ ಒಟ್ಟಿಗೆ ಸಿಗುತ್ತವೆ. ಒಂದೇ ಏಟಿಗೆ ಹೆಡಿಂಗ್ 1. ಉಪಶೀರ್ಷಿಕೆಗೂ ಹಾಗೇ. ಖಾಲಿ ಪ್ಯಾರಾಗಳನ್ನು ತೆಗೆಯಲು ಹುಡುಕಿ ಬದಲಿಸುವ ಕಿಟಕಿಯಲ್ಲಿ ಎರಡು ಪ್ಯಾರಾ ಚಿಹ್ನೆಯ ಜಾಗಕ್ಕೆ ಒಂದು ಎಂದು ಕೊಟ್ಟು, ಇನ್ನು ಸಿಗುವುದಿಲ್ಲ ಎನ್ನುವವರೆಗೆ ಒತ್ತುತ್ತಾ ಹೋಗಿ. ಅವನ್ನು ನಂಬಿ ನಿಂತಿದ್ದ ಜಾಗಗಳಿಗೆ ಅಂತರವನ್ನು ಸ್ಟೈಲಿನಲ್ಲಿ ಕೊಡಿ.

ಒಂದೇ ಒಂದು ಕಡೆ ಅವಸರ ಬೇಡ. ಎಲ್ಲವನ್ನೂ ಆರಿಸಿ ಕಂಟ್ರೋಲ್ ಸ್ಪೇಸ್ ಒತ್ತಿದರೆ ಕೈಯಲ್ಲಿ ಹಾಕಿದ ಕಸವೆಲ್ಲ ಹೋಗುತ್ತದೆ ನಿಜ, ಅದರ ಜೊತೆಗೆ ಗ್ರಂಥಗಳ ಹೆಸರು, ಜೀವಿಗಳ ವೈಜ್ಞಾನಿಕ ಹೆಸರುಗಳಿಗೆ ಹಾಕಿದ ಇಟಾಲಿಕ್ಕೂ ಹೋಗುತ್ತದೆ. ಅದಕ್ಕೇ ಮೊದಲು ಹುಡುಕಿ ಬದಲಿಸುವ ಕಿಟಕಿಯಲ್ಲಿ ಇಟಾಲಿಕ್ ಇರುವುದನ್ನೆಲ್ಲ ‘ಎಂಫಸಿಸ್’ ಎಂಬ ಅಕ್ಷರ ಸ್ಟೈಲಿಗೆ ಬದಲಾಯಿಸಿ. ಆಮೇಲೂ ಎಲ್ಲವನ್ನೂ ಆರಿಸಿ ಕಂಟ್ರೋಲ್ ಸ್ಪೇಸ್ ಒತ್ತಬೇಡಿ, ಅದು ಅಕ್ಷರ ಸ್ಟೈಲನ್ನೂ ಕಿತ್ತೊಗೆಯುತ್ತದೆ. ಪ್ಯಾರಾಗಳಿಗೆ ಬಾಡಿ ಟೆಕ್ಸ್ಟ್ ಹಾಕುತ್ತಾ ಹೋಗಿ ಸಾಕು. ಪ್ಯಾರಾದ ಅರ್ಧಕ್ಕಿಂತ ಹೆಚ್ಚು ಭಾಗದ ಮೇಲೆ ಕೂತ ಕೈಬದಲಾವಣೆಯನ್ನು ಸ್ಟೈಲ್ ಹಾಕಿದಾಗ ವರ್ಡ್ ತಾನೇ ತೆಗೆಯುತ್ತದೆ, ಅಲ್ಲೊಂದು ಇಲ್ಲೊಂದು ಪದದ ಮೇಲಿನದನ್ನು ಉಳಿಸುತ್ತದೆ. ಇಷ್ಟಾದ ಮೇಲೆ ಶೀರ್ಷಿಕೆಗಳಲ್ಲಿ ಟೈಪ್ ಮಾಡಿದ ಸಂಖ್ಯೆಗಳನ್ನು ಅಳಿಸಿ ಮಲ್ಟಿಲೆವೆಲ್ ಪಟ್ಟಿ ಜೋಡಿಸಿ, ಸೆಕ್ಷನ್ ಹಾಕಿ, ಪರಿವಿಡಿ ಸೇರಿಸಿ. ಚಿತ್ರಗಳ ಕ್ರಾಸ್ ರೆಫರೆನ್ಸ್ ಕೊನೆಗೆ ಇರಲಿ. ಸಮಯ ಸಾಲದಿದ್ದರೆ ಅದೊಂದನ್ನು ಕೈಯಲ್ಲೇ ಬಿಟ್ಟು, ಮುದ್ರಿಸುವ ಹಿಂದಿನ ದಿನ ಒಂದೊಂದಾಗಿ ತಾಳೆ ನೋಡಿ.